ನಿಧಾನಗೊಂಡ ಗಣಕಯಂತ್ರ: ಪರೀಕ್ಷೆ, ಮೀಸಲು ಪ್ರತಿ, ಮರುಸ್ಥಾಪನೆ



ಶಾಲೆಯ ಕಚೇರಿಯಲ್ಲಿರುವ ಗಣಕಯಂತ್ರವು ವರ್ಷಗಳು ಉರುಳಿದಂತೆ ನಿಧಾನಗೊಳ್ಳುವುದು ಸಹಜವೆಂದು ನಾವು ತಿಳಿದುಬಿಟ್ಟಿದ್ದೇವೆ. ಗುಂಡಿಯನ್ನು ಒತ್ತಿ, ಪ್ರಾರ್ಥನೆ ಮುಗಿಸಿ, ಹಾಜರಿ ಕರೆದು ಬಂದರೂ ಪರದೆಯ ಮೇಲೆ ಇನ್ನೂ ಚಕ್ರ ತಿರುಗುತ್ತಿರುತ್ತದೆ ಎಂದು ನಗುತ್ತೇವೆ. ಆದರೆ ಯಂತ್ರಕ್ಕೆ ಮನುಷ್ಯನಂತೆ ಇಡೀ ಮೈಗೆ ಮುಪ್ಪು ಬರುವುದಿಲ್ಲ. ಯಾವುದೋ ಒಂದು ಭಾಗ ಸೋತಿರುತ್ತದೆ, ಅಥವಾ ಯಾವುದೋ ಒಂದು ಕೆಲಸ ಅದರ ಮೇಲೆ ಹೊರೆಯಾಗಿ ಕುಳಿತಿರುತ್ತದೆ. ಅದು ಯಾವುದೆಂದು ಕಂಡುಹಿಡಿಯುವುದು ಶಿಕ್ಷಕರಿಗೆ ಅಸಾಧ್ಯವಾದ ವಿದ್ಯೆಯಲ್ಲ.

ಪರೀಕ್ಷೆಗೆ ತೊಡಗುವ ಮುನ್ನ ಆ ಯಂತ್ರದೊಳಗೆ ಏನಿದೆ ಎಂಬುದನ್ನು ವಿಚಾರಿಸಬೇಕು. ಸಾಂಗಲಿ, ಮಿರಜ ಭಾಗದ ಕನ್ನಡ ಮಾಧ್ಯಮದ ಶಾಲೆಗಳ ಸ್ಥಿತಿ ಇತರ ಶಾಲೆಗಳಿಗಿಂತ ಸ್ವಲ್ಪ ಭಿನ್ನವಾಗಿದೆ. ನಮಗೆ ಪಠ್ಯಪುಸ್ತಕಗಳು ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲಿಯೇ ಬರುತ್ತವೆ. ಆದರೆ ಪಠ್ಯಪುಸ್ತಕದ ಆಚೆಗಿನ ಸಾಮಗ್ರಿ ಪೇಟೆಯಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಮರಾಠಿ ಮಾಧ್ಯಮದ ಶಿಕ್ಷಕರು ಅಂಗಡಿಗೆ ಹೋಗಿ ಪ್ರಶ್ನಸಂಚ, ಮಾರ್ಗದರ್ಶಿ, ಅಭ್ಯಾಸಪತ್ರಿಕೆಗಳನ್ನು ಕೊಂಡು ತರಬಹುದು. ಕರ್ನಾಟಕದಲ್ಲಿ ಅಚ್ಚಾದ ಕನ್ನಡ ಮಾರ್ಗದರ್ಶಿಗಳು ಆ ರಾಜ್ಯದ ಪಠ್ಯಕ್ರಮವನ್ನು ಅನುಸರಿಸುವುದರಿಂದ ನಮಗೆ ಪೂರ್ತಿ ಹೊಂದುವುದಿಲ್ಲ. ಆದುದರಿಂದ ಘಟಕ ಪರೀಕ್ಷೆಯ ಪ್ರಶ್ನಪತ್ರಿಕೆ, ಶಿಷ್ಯವೃತ್ತಿ ಪರೀಕ್ಷೆಯ ಅಭ್ಯಾಸ, ಮರಾಠಿಯಿಂದ ಕನ್ನಡಕ್ಕೆ ತಂದ ಪರಿಪತ್ರಗಳ ಸಾರಾಂಶ ಇವೆಲ್ಲವನ್ನೂ ನಾವೇ ಬರೆದುಕೊಂಡಿದ್ದೇವೆ. ಹತ್ತು ಹನ್ನೆರಡು ವರ್ಷಗಳ ಈ ಶ್ರಮ ಬಹಳ ಶಾಲೆಗಳಲ್ಲಿ ಒಂದೇ ಯಂತ್ರದ ಒಂದೇ ಡಿಸ್ಕಿನಲ್ಲಿದೆ. ಯಂತ್ರ ಕೆಟ್ಟರೆ ಅನುದಾನ ಬಂದಾಗ ಇನ್ನೊಂದನ್ನು ಕೊಳ್ಳಬಹುದು. ಕನ್ನಡದಲ್ಲಿರುವ ಆ ಬರಹ ಹೋದರೆ ಕೊಳ್ಳಲು ಅಂಗಡಿಯೇ ಇಲ್ಲ.

ಈ ಕಾರಣದಿಂದ ನಮ್ಮ ಪಾಠದ ಕ್ರಮ ಸ್ವಲ್ಪ ತಲೆಕೆಳಗಾದಂತೆ ತೋರಬಹುದು. ಮೊದಲು ನಕಲು, ಆಮೇಲೆ ಪರೀಕ್ಷೆ, ಕೊನೆಗೆ ದುರಸ್ತಿ.

ಕಡತಗಳು ಎಲ್ಲಿರುತ್ತವೆ?

ಡೆಸ್ಕ್‌ಟಾಪ್ ಎಂದು ನಾವು ಕರೆಯುವ ತೆರೆಯ ಮೇಲೆ ಇಟ್ಟ ಕಡತಗಳು ಕಣ್ಣೆದುರಿಗೇ ಇರುವುದರಿಂದ ಸುರಕ್ಷಿತವಾಗಿವೆ ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿ, ಬಳಕೆದಾರನ ಹೆಸರಿನ ಫೋಲ್ಡರಿನಲ್ಲಿರುತ್ತವೆ. ದುರಸ್ತಿಗಾರನು ಯಂತ್ರವನ್ನು ಫಾರ್ಮ್ಯಾಟ್ ಮಾಡುವಾಗ ಅಳಿಸುವುದು ಈ ಸಿ ಡ್ರೈವನ್ನೇ. ಡಿ ಡ್ರೈವಿನಲ್ಲಿಟ್ಟ ಕಡತಗಳು ಫಾರ್ಮ್ಯಾಟಿನಲ್ಲಿ ಉಳಿಯುತ್ತವೆ ಎಂಬುದು ನಿಜ. ಆದರೆ ಸಿ ಮತ್ತು ಡಿ ಎಂಬವು ಹೆಚ್ಚಿನ ಯಂತ್ರಗಳಲ್ಲಿ ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗಗಳು. ಒಂದೇ ಕಪಾಟಿನ ಎರಡು ಖಾನೆಗಳಿದ್ದಂತೆ. ಕಪಾಟಿಗೆ ಬೆಂಕಿ ಬಿದ್ದರೆ ಖಾನೆಯ ಭೇದವಿಲ್ಲ. ಸಿ ಯಿಂದ ಡಿ ಗೆ ಮಾಡಿದ ನಕಲನ್ನು ಮೀಸಲು ಪ್ರತಿ ಎನ್ನಲಾಗದು.

ಆದುದರಿಂದ ಯಂತ್ರ ನಿಧಾನವಾಗಿದೆ ಎಂದು ಅನಿಸಿದ ದಿನವೇ, ಅದು ಇನ್ನೂ ನಡೆಯುತ್ತಿರುವಾಗಲೇ, ಹೊರಗಿನ ಹಾರ್ಡ್ ಡಿಸ್ಕಿಗೆ ಈ ಮೂರು ಫೋಲ್ಡರುಗಳನ್ನೂ ಡಿ ಡ್ರೈವಿನ ಶಾಲಾ ಕಡತಗಳನ್ನೂ ನಕಲು ಮಾಡಿಕೊಳ್ಳಿರಿ. ಸೋಲುತ್ತಿರುವ ಡಿಸ್ಕು ನಾಳೆಯೂ ತೆರೆಯುತ್ತದೆ ಎಂಬ ಭರವಸೆಯಿಲ್ಲ.

ಕಾರಣವನ್ನು ಹುಡುಕುವ ಬಗೆ

ವೈದ್ಯನು ನಾಡಿ ಹಿಡಿಯುವಂತೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮರಿ, ಡಿಸ್ಕ್ ಎಂಬ ಸ್ತಂಭಗಳು ಶೇಕಡಾ ಲೆಕ್ಕದಲ್ಲಿ ಕಾಣುತ್ತವೆ. ಯಂತ್ರ ನಿಧಾನವಾಗಿರುವ ಹೊತ್ತಿನಲ್ಲೇ ಇದನ್ನು ನೋಡಬೇಕು; ಚೆನ್ನಾಗಿ ನಡೆಯುತ್ತಿರುವಾಗ ನೋಡಿದರೆ ಜ್ವರ ಇಳಿದ ಮೇಲೆ ಉಷ್ಣತಾಮಾಪಕ ಇಟ್ಟಂತಾಗುತ್ತದೆ.

ಮೆಮರಿಯ ಸ್ತಂಭ ಯಾವಾಗಲೂ 85 ಅಥವಾ 90ರ ಮೇಲಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ವಿಂಡೋಸ್ 10 ಇರುವ ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಇದ್ದು, ಬ್ರೌಸರಿನಲ್ಲಿ ಯುಡೈಸ್ ಪ್ಲಸ್, ಸರಲ್, ಶಾಲಾರ್ಥ ಮೂರನ್ನೂ ತೆರೆದಿಟ್ಟು, ಪಕ್ಕದಲ್ಲಿ ಎಕ್ಸೆಲ್ ಹಾಳೆಯನ್ನೂ ತೆರೆದರೆ ಈ ಸ್ಥಿತಿ ಬರುತ್ತದೆ. ಸಿಪಿಯು ಸ್ತಂಭ ಏರಿದ್ದರೆ ಪಟ್ಟಿಯ ಮೇಲ್ಭಾಗದಲ್ಲಿರುವ ಹೆಸರನ್ನು ಓದಿರಿ. ವೈರಸ್ ನಿರೋಧಕವು ಪರಿಶೀಲನೆ ನಡೆಸುತ್ತಿರಬಹುದು. ಎರಡು ವೈರಸ್ ನಿರೋಧಕಗಳನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಂಡಿರುವ ಶಾಲೆಗಳೂ ಇವೆ. ಇಬ್ಬರು ಕಾವಲುಗಾರರು ಒಬ್ಬರನ್ನೊಬ್ಬರು ತಡೆಯುತ್ತಾ ನಿಂತರೆ ಒಳಗೆ ಬರಬೇಕಾದವರು ಬಾಗಿಲಲ್ಲೇ ಕಾಯಬೇಕಾಗುತ್ತದೆ; ಒಂದನ್ನು ತೆಗೆದುಹಾಕಿರಿ.

ನಮ್ಮ ಶಾಲೆಗಳ ಯಂತ್ರಗಳಲ್ಲಿ ಬಹುಪಾಲು ದೋಷ ಕಾಣುವುದು ಮೂರನೆಯ ಸ್ತಂಭದಲ್ಲಿ. ಏನೂ ಕೆಲಸವಿಲ್ಲದಿರುವಾಗಲೂ ಡಿಸ್ಕ್ 100 ಎಂದು ತೋರಿಸುತ್ತಿದ್ದರೆ ಅದಕ್ಕೆ ನಾಲ್ಕು ಕಾರಣಗಳಿರಬಹುದು. ಅವನ್ನು ಸುಲಭದಿಂದ ಕಠಿಣದ ಕಡೆಗೆ ಪರಿಶೀಲಿಸಬೇಕು.

ಮೊದಲನೆಯದು ಋತುವಿನ ಕಾರಣ. ಬೇಸಿಗೆಯ ರಜೆಯಲ್ಲಿ ಮುಚ್ಚಿದ್ದ ಯಂತ್ರವನ್ನು ಜೂನ್ ನಡುವಿನಲ್ಲಿ ಶಾಲೆ ತೆರೆದಾಗ ಹಚ್ಚುತ್ತೇವೆ. ಆರು ವಾರಗಳ ಪರಿಷ್ಕರಣೆಗಳೆಲ್ಲ ಅಂದೇ ಇಳಿಯಲು ಆರಂಭವಾಗುತ್ತವೆ. ಅದೇ ವಾರ ಹೊಸ ಪ್ರವೇಶದ ಮಾಹಿತಿಯನ್ನೂ ತುಂಬಬೇಕು. ನಾವು ಬೇಸತ್ತು ಪ್ಲಗ್ ಕಿತ್ತರೆ ಪರಿಷ್ಕರಣೆ ಅರ್ಧಕ್ಕೆ ನಿಂತು ಮರುದಿನ ಮತ್ತೆ ಮೊದಲಿನಿಂದ ತೊಡಗುತ್ತದೆ. ಶಾಲೆ ತೆರೆಯುವ ಎರಡು ದಿನ ಮುಂಚೆಯೇ ಯಂತ್ರವನ್ನು ಹಚ್ಚಿ, ಅಂತರ್ಜಾಲಕ್ಕೆ ಜೋಡಿಸಿ, ಇಡೀ ದಿನ ಬಿಟ್ಟರೆ ಈ ತೊಂದರೆ ತಾನಾಗಿಯೇ ತೀರುತ್ತದೆ. ಇಲ್ಲಿ ಇನ್ನೊಂದು ಮಾತು. ವಿಂಡೋಸ್ 10ರಲ್ಲಿ ಶಟ್ ಡೌನ್ ಮಾಡಿದರೆ ಯಂತ್ರ ಪೂರ್ತಿಯಾಗಿ ಹೊಸದಾಗಿ ಆರಂಭವಾಗುವುದಿಲ್ಲ. ಬೇಗ ತೆರೆಯಲೆಂದು ಹಿಂದಿನ ಸ್ಥಿತಿಯ ಒಂದು ಭಾಗವನ್ನು ಉಳಿಸಿಕೊಂಡಿರುತ್ತದೆ. ರಿಸ್ಟಾರ್ಟ್ ಮಾಡಿದಾಗ ಮಾತ್ರ ಅದು ನಿಜವಾಗಿ ಹೊಸದಾಗುತ್ತದೆ. ಪರೀಕ್ಷೆಗೆ ಮುನ್ನ ಒಮ್ಮೆ ರಿಸ್ಟಾರ್ಟ್ ಮಾಡಿ ನೋಡಿರಿ.

ಎರಡನೆಯದು ಜಾಗದ ಕೊರತೆ. ಸಿ ಡ್ರೈವಿನ ಪಟ್ಟಿ ಕೆಂಪಾಗಿದ್ದರೆ ಯಂತ್ರಕ್ಕೆ ಕೈಕಾಲು ಆಡಿಸಲು ಸ್ಥಳವಿಲ್ಲ. ಐದರಲ್ಲಿ ಒಂದು ಪಾಲಾದರೂ ಖಾಲಿ ಇರಲಿ. ಸ್ನೇಹ ಸಮ್ಮೇಳನದ ಚಲನಚಿತ್ರಗಳು, ವಾಟ್ಸಾಪಿನಿಂದ ಇಳಿಸಿದ ಒಂದೇ ಪರಿಪತ್ರದ ಹತ್ತು ಪ್ರತಿಗಳು, ಬರಿದು ಮಾಡದ ರಿಸೈಕಲ್ ಬಿನ್ ಇವೇ ಹೆಚ್ಚಾಗಿ ಜಾಗವನ್ನು ತಿಂದಿರುತ್ತವೆ. ಡಿಸ್ಕ್ ಕ್ಲೀನಪ್ ಎಂಬ ಸಾಧನ ವಿಂಡೋಸಿನಲ್ಲಿಯೇ ಇದೆ. ಕೊಂಡು ತರುವ ‘ವೇಗವರ್ಧಕ’ ತಂತ್ರಾಂಶಗಳ ಗೊಡವೆ ಬೇಡ. ಅವುಗಳೇ ಮುಂದೆ ಹೊರೆಯಾಗುತ್ತವೆ.

ಮೂರನೆಯದು, ಯಂತ್ರ ಏಳುವಾಗ ಅದರ ಜೊತೆ ತಾನಾಗಿ ಏಳುವ ಕಾರ್ಯಕ್ರಮಗಳು. ಟಾಸ್ಕ್ ಮ್ಯಾನೇಜರಿನಲ್ಲಿಯೇ ಸ್ಟಾರ್ಟಪ್ ಎಂಬ ಪುಟವಿದೆ. ವೈರಸ್ ನಿರೋಧಕವನ್ನು ಬಿಟ್ಟು, ದಿನವೂ ಬೇಕಿಲ್ಲದವನ್ನು ಅಲ್ಲಿ ಡಿಸೇಬಲ್ ಮಾಡಬಹುದು. ಇದರಿಂದ ಕಾರ್ಯಕ್ರಮ ಅಳಿದುಹೋಗುವುದಿಲ್ಲ, ಕರೆದಾಗ ಬರುತ್ತದೆ.

ನಾಲ್ಕನೆಯದೇ ಗಂಭೀರವಾದದ್ದು: ಹಾರ್ಡ್ ಡಿಸ್ಕು ಸೋಲುತ್ತಿರುವುದು. ಹಳೆಯ ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯೂ ಅದರ ಮೇಲೆ ಓಡಾಡುವ ಸೂಕ್ಷ್ಮ ತೋಳೂ ಇವೆ. ಟಕ್ ಟಕ್ ಎಂಬ ಸದ್ದು, ಒಂದು ನಿರ್ದಿಷ್ಟ ಕಡತವನ್ನು ತೆರೆದಾಗ ಮಾತ್ರ ಯಂತ್ರ ಸ್ತಬ್ಧವಾಗುವುದು, ನಕಲು ಮಾಡುವಾಗ ದೋಷದ ಸಂದೇಶ ಬರುವುದು ಇವು ಅಪಾಯದ ಲಕ್ಷಣಗಳು. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ಗುಡ್, ಕಾಷನ್, ಬ್ಯಾಡ್ ಎಂದು ತೋರಿಸುತ್ತದೆ. ಕಾಷನ್ ಎಂದು ಕಂಡರೆ ಡಿಫ್ರ್ಯಾಗ್ ಮಾಡುವುದು, ಚೆಕ್ ಡಿಸ್ಕ್ ಓಡಿಸುವುದು ಇವೆಲ್ಲ ಬೇಡ. ಸೋತ ಎತ್ತನ್ನು ಹೊಲ ಹೂಡಲು ಕಟ್ಟಿದಂತಾಗುತ್ತದೆ. ಅತ್ಯಂತ ಅಮೂಲ್ಯವಾದ ಕಡತಗಳನ್ನು ಮೊದಲು, ಚಲನಚಿತ್ರಗಳನ್ನು ಕಡೆಗೆ ನಕಲು ಮಾಡಿ ಯಂತ್ರವನ್ನು ನಿಲ್ಲಿಸಿರಿ.

ಡಿಸ್ಕು ಚೆನ್ನಾಗಿದ್ದೂ ಯಂತ್ರ ನಿಧಾನವಿದ್ದರೆ ಧೂಳು ಮತ್ತು ಉಷ್ಣವನ್ನು ಸಂಶಯಿಸಬೇಕು. ಚೈತ್ರ ವೈಶಾಖದ ಬಿಸಿಲಿನಲ್ಲಿ ಪತ್ರೆಯ ಮಾಡಿನ ಕೋಣೆಯಲ್ಲಿಟ್ಟ ಯಂತ್ರದ ಪಂಖ ಧೂಳಿನಿಂದ ಮುಚ್ಚಿಹೋಗಿದ್ದರೆ ಸಂಸ್ಕಾರಕವು ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬೆಳಿಗ್ಗೆ ಚುರುಕು, ಮಧ್ಯಾಹ್ನ ಮಂದ ಎಂಬ ಯಂತ್ರಗಳ ರೋಗ ಇದೇ. ವಿದ್ಯುತ್ ತೆಗೆದು, ಪಾರ್ಶ್ವದ ಮುಚ್ಚಳ ಬಿಚ್ಚಿ, ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಅರ್ಧ ಗಂಟೆಯ ಕೆಲಸ. ಒದ್ದೆ ಬಟ್ಟೆ ಬಳಸಬಾರದು.

ಇನ್ನು ನಿಧಾನವೆಂದು ತೋರಿದರೂ ನಿಧಾನವಲ್ಲದ ಒಂದು ದೋಷವಿದೆ. ಯಂತ್ರ ತೆರೆಯುತ್ತದೆ, ವರ್ಡ್ ತೆರೆಯುತ್ತದೆ, ಆದರೆ ಸರಕಾರಿ ಜಾಲತಾಣಗಳು ಮಾತ್ರ ತೆರೆಯುವುದಿಲ್ಲ. ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಸೂಚನೆ ಬರುತ್ತದೆ. ನಾವು ಅಂತರ್ಜಾಲವನ್ನು ದೂರುತ್ತೇವೆ. ಆಗ ಪರದೆಯ ಬಲ ಮೂಲೆಯ ದಿನಾಂಕವನ್ನು ನೋಡಿರಿ. ಅಲ್ಲಿ ಹತ್ತು ವರ್ಷ ಹಿಂದಿನ ದಿನಾಂಕವಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ತೀರಿದೆ ಎಂದರ್ಥ. ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಯಂತ್ರದ ಲೆಕ್ಕದಲ್ಲಿ ಆ ದಿನವೇ ಇನ್ನೂ ಬಂದಿಲ್ಲವಾದ್ದರಿಂದ ಬ್ರೌಸರು ಬಾಗಿಲು ಮುಚ್ಚುತ್ತದೆ. ಗಡಿಯಾರದ ಅಂಗಡಿಯಲ್ಲಿಯೂ ಸಿಗುವ ಆ ಬ್ಯಾಟರಿಯನ್ನು ಬದಲಿಸಿದರೆ ಮುಗಿಯಿತು.

ಹಳೆಯ ಯಂತ್ರಕ್ಕೆ ಹೊಸ ಜೀವ

ಪರೀಕ್ಷೆಯ ನಂತರ ಹಣ ವೆಚ್ಚ ಮಾಡುವುದಾದರೆ ಮೊದಲು ತಿರುಗುವ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಹಾಕಿಸಿರಿ, ಅನಂತರ ರ‍್ಯಾಮನ್ನು 8 ಜಿಬಿಗೆ ಏರಿಸಿರಿ. ಹೊಸ ಯಂತ್ರ ಕೊಳ್ಳುವ ವೆಚ್ಚದ ಒಂದು ಸಣ್ಣ ಪಾಲಿನಲ್ಲಿ ಯಂತ್ರ ಎದ್ದು ನಿಲ್ಲುತ್ತದೆ. ಎಸ್‌ಎಸ್‌ಡಿಯನ್ನು ಡಿಫ್ರ್ಯಾಗ್ ಮಾಡುವ ಅಗತ್ಯವಿಲ್ಲ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹಳೆಯ ಸಂಸ್ಕಾರಕಗಳ ಮೇಲೆ ವಿಂಡೋಸ್ 11 ಅಧಿಕೃತವಾಗಿ ಕೂರುವುದಿಲ್ಲ. ಇಂಥ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಕಾಸರಗೋಡಿನ ನಮ್ಮ ಸಹೋದ್ಯೋಗಿಗಳನ್ನು ನೆನೆಯಬಹುದು. ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳು ಕೇರಳ ಸರಕಾರದ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಲಿನಕ್ಸ್ ವ್ಯವಸ್ಥೆಯಲ್ಲಿ ಗಣಕ ಪಾಠ ನಡೆಸುತ್ತಿವೆ. ಮಕ್ಕಳ ಅಭ್ಯಾಸಕ್ಕೆ ಮೀಸಲಾದ ಹಳೆಯ ಯಂತ್ರಗಳಿಗೆ ಇದು ಒಳ್ಳೆಯ ದಾರಿ. ಕಚೇರಿಯ ಯಂತ್ರಕ್ಕೆ ಮುದ್ರಕ, ಸ್ಕ್ಯಾನರುಗಳು ಹೊಂದುತ್ತವೆಯೇ ಎಂದು ನೋಡಿಕೊಂಡು ನಿರ್ಧರಿಸಬೇಕು.

ಮೀಸಲು ಪ್ರತಿ ಎಲ್ಲಿರಬೇಕು?

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ನಾವು ವರ್ಗದಲ್ಲಿ ದಾನದ ಉದಾಹರಣೆಯಾಗಿ ಹೇಳುತ್ತೇವೆ. ಅದರಲ್ಲಿ ದಾನದಷ್ಟೇ ಜಾಣ್ಮೆಯೂ ಇದೆ. ಓಲೆಗರಿಗೆ ಹುಳು, ಬೆಂಕಿ, ನೀರು ಮೂರೂ ಶತ್ರುಗಳು. ಒಂದೇ ಭಂಡಾರದಲ್ಲಿ ಸಾವಿರ ಪ್ರತಿಗಳನ್ನು ಇಟ್ಟಿದ್ದರೆ ಒಂದೇ ಆಪತ್ತು ಸಾಕಾಗುತ್ತಿತ್ತು. ಬೇರೆ ಬೇರೆ ಕೈಗಳಿಗೆ ಹೋದುದರಿಂದ ಗ್ರಂಥಕ್ಕೆ ಬೇರೆ ಬೇರೆ ಆಯುಷ್ಯಗಳು ದೊರೆತವು.

ಇಂದಿನ ತಜ್ಞರು ಇದನ್ನೇ ಮೂರು-ಎರಡು-ಒಂದು ಎಂಬ ಸೂತ್ರದಲ್ಲಿ ಹೇಳುತ್ತಾರೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಇದನ್ನು ಪ್ರಚಾರಕ್ಕೆ ತಂದರು. ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಬೇರೆ ಸ್ಥಳದಲ್ಲಿ.

ಬೇರೆ ಸ್ಥಳ ಎಂಬ ಮಾತು ಸಾಂಗಲಿಯಲ್ಲಿ ಬರಿಯ ಸೂತ್ರವಲ್ಲ. ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟ್ ತಿಂಗಳಲ್ಲಿ ನೀರು 57 ಅಡಿಯನ್ನು ಮೀರಿ ಏರಿತು. 2021ರ ಜುಲೈಯಲ್ಲಿ ಮತ್ತೆ ಮಹಾಪೂರ ಬಂದಿತು. ಕಚೇರಿಯ ಮೇಜಿನ ಕೆಳಗೆ ಯಂತ್ರ, ಅದೇ ಮೇಜಿನ ಡ್ರಾವರಿನಲ್ಲಿ ಹೊರಗಿನ ಡಿಸ್ಕು ಇದ್ದರೆ ಎರಡೂ ಒಂದೇ ರಾತ್ರಿ ಮುಳುಗುತ್ತವೆ. ನದಿಯ ದಂಡೆಯ ಶಾಲೆಯವರು ಒಂದು ಪ್ರತಿಯನ್ನು ಎತ್ತರದ ಊರಿನಲ್ಲಿಡಬೇಕು. ಜತ್ತ ತಾಲ್ಲೂಕಿನ ಉಮದಿ, ಸಂಖ ಮುಂತಾದ ಕಡೆ ನಮ್ಮ ಮಾಧ್ಯಮದ ಶಾಲೆಗಳಿವೆ. ಅಲ್ಲಿ ಕೊರತೆಯಿರುವುದೇ ನೀರಿನದು. ದಂಡೆಯ ಶಾಲೆಯೊಂದು, ಜತ್ತದ ಶಾಲೆಯೊಂದು ಪರಸ್ಪರರ ಡಿಸ್ಕನ್ನು ಶಿಕ್ಷಣ ಪರಿಷತ್ತಿನ ದಿನ ಅಥವಾ ತಾಲ್ಲೂಕು ಸಭೆಯ ದಿನ ಬದಲಾಯಿಸಿಕೊಂಡರೆ ವೆಚ್ಚವಿಲ್ಲದೆ ಕೆಲಸವಾಗುತ್ತದೆ. ಇಬ್ಬರಿಗೂ ಪ್ರಶ್ನಪತ್ರಿಕೆಗಳ ವಿನಿಮಯವೂ ಆಗುತ್ತದೆ, ಇದು ಹೆಚ್ಚಿನ ಲಾಭ.

ಹಾಗೆ ಡಿಸ್ಕು ಶಾಲೆಯಿಂದ ಹೊರಹೋಗುವಾಗ ಮಕ್ಕಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಜಾತಿ ಪ್ರಮಾಣಪತ್ರಗಳಿರುವ ಕಡತಗಳು ಗುಪ್ತಪದದಿಂದ ಬೀಗ ಹಾಕಿದ ಸ್ಥಿತಿಯಲ್ಲಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಕ್ಕಳ ಮಾಹಿತಿಗೆ ವಿಶೇಷ ರಕ್ಷಣೆ ನೀಡಿದೆ. ದುರಸ್ತಿಗಾಗಿ ಯಂತ್ರವನ್ನು ಅಂಗಡಿಯಲ್ಲಿ ಬಿಟ್ಟು ಬರುವಾಗಲೂ ಇದೇ ಎಚ್ಚರ ಬೇಕು.

ಪೂರದಲ್ಲಿ ನೆನೆದ ಯಂತ್ರವನ್ನು ‘ನಡೆಯುತ್ತದೆಯೋ ನೋಡೋಣ’ ಎಂದು ಹಚ್ಚಬಾರದು. ಒದ್ದೆ ಡಿಸ್ಕಿಗೆ ವಿದ್ಯುತ್ ಹರಿದರೆ ಉಳಿಯಬಹುದಾಗಿದ್ದ ಮಾಹಿತಿಯೂ ಹೋಗುತ್ತದೆ. ಹಾಗೆಯೇ ತಂದು ಪರಿಣತರಿಗೆ ಒಪ್ಪಿಸಬೇಕು.

ಗೂಗಲ್ ಡ್ರೈವ್ 15 ಜಿಬಿ ಜಾಗವನ್ನು ಉಚಿತವಾಗಿ ಕೊಡುತ್ತದೆ. ಬರಹದ ಕಡತಗಳಿಗೆ ಇದು ಧಾರಾಳ. ಎರಡು ಎಚ್ಚರಗಳು ಮಾತ್ರ. ಖಾತೆಯು ಶಾಲೆಯ ಹೆಸರಿನಲ್ಲಿರಲಿ, ಒಬ್ಬ ಶಿಕ್ಷಕರ ಸ್ವಂತ ಖಾತೆಯಾಗಿರುವುದು ಬೇಡ. ಬದಲಿಯಾಗಿ ಹೋದ ಗುರುಗಳ ಜೊತೆ ಶಾಲೆಯ ಹತ್ತು ವರ್ಷಗಳ ಕಡತವೂ ಬದಲಿಯಾಗಿ ಹೋಗುವುದು ಸರಿಯಲ್ಲ. ಎರಡನೆಯದಾಗಿ, ಯಂತ್ರದೊಡನೆ ತಾನಾಗಿ ಹೊಂದಿಕೊಳ್ಳುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಅಲ್ಲಿಯ ಕಸದ ಬುಟ್ಟಿಯಲ್ಲಿ 30 ದಿನ ಮಾತ್ರ ಉಳಿಯುತ್ತದೆ. ಹೊರಗಿನ ಡಿಸ್ಕನ್ನೂ ಕೆಲಸ ಮುಗಿದೊಡನೆ ಕಳಚಿಡಬೇಕು, ಏಕೆಂದರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್‌ಗಳು ಜೋಡಿಸಿದ ಎಲ್ಲ ಡಿಸ್ಕುಗಳನ್ನೂ ಹಾಳುಮಾಡುತ್ತವೆ.

ನುಡಿ ಅಕ್ಷರಗಳ ಸಮಸ್ಯೆ

ಮೀಸಲು ಪ್ರತಿಯ ಕುರಿತಾದ ಮಾರ್ಗದರ್ಶಿಗಳು ಇಂಗ್ಲಿಷ್, ಮರಾಠಿಗಳಲ್ಲಿ ಬೇಕಾದಷ್ಟಿವೆ. ಆದರೆ ಕನ್ನಡ ಶಿಕ್ಷಕನಿಗೆ ಎದುರಾಗುವ ಈ ಸಮಸ್ಯೆಯ ಮಾತು ಅವುಗಳಲ್ಲಿ ಸಿಗದು. ಯಂತ್ರವನ್ನು ಫಾರ್ಮ್ಯಾಟ್ ಮಾಡಿ, ಕಡತಗಳನ್ನೆಲ್ಲ ಮರಳಿ ತುಂಬಿ, ಹಳೆಯ ಪ್ರಶ್ನಪತ್ರಿಕೆಯೊಂದನ್ನು ತೆರೆದರೆ ಕನ್ನಡದ ಒಂದಕ್ಷರವೂ ಕಾಣುವುದಿಲ್ಲ. ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಭಾವಿಸಿ ಅಳಿಸಿದವರೂ ಇದ್ದಾರೆ.

ಕಡತ ಕೆಟ್ಟಿರುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಬರೆದಾಗ ಯಂತ್ರದೊಳಗೆ ಕನ್ನಡ ಅಕ್ಷರ ಸಂಗ್ರಹವಾಗುವುದೇ ಇಲ್ಲ; ರೋಮನ್ ಅಕ್ಷರದ ಸಂಕೇತ ಸಂಗ್ರಹವಾಗುತ್ತದೆ, ಅದಕ್ಕೆ ಕನ್ನಡದ ರೂಪವನ್ನು ಅಕ್ಷರಮಾದರಿ ತೊಡಿಸುತ್ತದೆ. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದದಲ್ಲಿ ಯಂತ್ರಕ್ಕೆ ತಿಳಿದಿರುವುದು ರೋಮನ್ನಿನ ಪಿ, ನೆತ್ತಿಯ ಮೇಲೆ ಗೆರೆಯಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಕೊನೆಗೆ ಮತ್ತೆ ಎ. ವೇಷ ಕಳಚಿದರೆ ನಟನ ನಿಜರೂಪ ಕಾಣುವಂತೆ, ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ಇದೇ ಕಾಣುತ್ತದೆ. ಮರಾಠಿಯ ಹಳೆಯ ಶ್ರೀಲಿಪಿ, ಕೃತಿದೇವ ಕಡತಗಳದ್ದೂ ಇದೇ ಗತಿ.

ಆದುದರಿಂದ ನಮ್ಮ ಮೀಸಲು ಪ್ರತಿಯಲ್ಲಿ ಕಡತಗಳ ಜೊತೆ ಅಕ್ಷರಮಾದರಿಗಳೂ ಇರಲೇಬೇಕು. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬಲ್ಲಿಂದ ನುಡಿ, ಬರಹ, ಶ್ರೀಲಿಪಿ ಎಂಬ ಹೆಸರಿನವುಗಳನ್ನು ಆರಿಸಿ ನಕಲು ಮಾಡಿರಿ. ನುಡಿ ತಂತ್ರಾಂಶದ ಸ್ಥಾಪನಾ ಕಡತವನ್ನೂ ಅದರೊಂದಿಗೆ ಇಡಿರಿ.

ಇದು ತಾತ್ಕಾಲಿಕ ಉಪಾಯ. ಶಾಶ್ವತವಾದದ್ದು ಯೂನಿಕೋಡಿಗೆ ಪರಿವರ್ತನೆ. ಯೂನಿಕೋಡಿನಲ್ಲಿ ‘ಕ’ ಎಂಬುದಕ್ಕೆ ಜಗತ್ತಿನ ಯಾವ ಯಂತ್ರದಲ್ಲಿಯೂ ಒಂದೇ ಸಂಖ್ಯೆ. ವಿಂಡೋಸಿನ ತುಂಗಾ, ನಿರ್ಮಲಾ ಅಕ್ಷರಮಾದರಿಗಳಲ್ಲಿ, ಮೊಬೈಲಿನಲ್ಲಿ ಎಲ್ಲೆಡೆಯೂ ಅದು ಕಾಣುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಪರಿವರ್ತಿಸಿದ ಮೇಲೆ ಓದಿ ನೋಡಲೇಬೇಕು. ನುಡಿಯಲ್ಲಿ ಅರ್ಕಾವತ್ತಿನ ಸಂಕೇತ ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರವು ಉಚ್ಚಾರದ ಕ್ರಮದಲ್ಲಿ ಮೊದಲೇ ಬರುತ್ತದೆ. ಕೆಲವು ಪರಿವರ್ತಕಗಳು ಈ ಸ್ಥಾನಪಲ್ಲಟದಲ್ಲಿ ಎಡವುತ್ತವೆ. ವಿದ್ಯಾರ್ಥಿ, ವರ್ಗ, ಮಾರ್ಚ್ ಎಂಬ ಪದಗಳಿಲ್ಲದ ಶಾಲಾ ದಾಖಲೆ ಯಾವುದು? ಆ ಪದಗಳನ್ನೇ ಮೊದಲು ಪರೀಕ್ಷಿಸಿರಿ. ನಡುನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡವೆಂದೇ ಎಣಿಸಲ್ಪಟ್ಟು ಅರ್ಥಹೀನವಾಗಿ ಮಾರ್ಪಡುತ್ತವೆ. ಗಣಿತದ ಪ್ರಶ್ನಪತ್ರಿಕೆಯಲ್ಲಿ ಚಿಹ್ನೆಗಳೂ ಬದಲಾಗುವುದುಂಟು. ಮೂಲ ಕಡತವನ್ನು ಅಳಿಸದೆ, ಪರಿವರ್ತಿತ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಡಿರಿ.

ಯೂನಿಕೋಡಿನಿಂದ ಇನ್ನೊಂದು ಪ್ರಯೋಜನವಿದೆ. ನುಡಿ ಅಕ್ಷರಗಳಲ್ಲಿರುವ ಹೆಸರುಗಳ ಎಕ್ಸೆಲ್ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು ಹೋದರೆ ಅದು ರೋಮನ್ ಕ್ರಮದಲ್ಲಿ ಜೋಡಿಸುತ್ತದೆ. ಅ ಆದ ಮೇಲೆ ಆ ಬರುತ್ತದೆಂಬ ಭರವಸೆಯಿಲ್ಲ. ಯೂನಿಕೋಡಿನಲ್ಲಿ ವರ್ಣಮಾಲೆಯ ಕ್ರಮ ಉಳಿಯುತ್ತದೆ. ಬೆರಳಚ್ಚಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ಕಲಿಯುವುದು ನಮ್ಮಂತಹ ದ್ವಿಭಾಷಿಕ ಶಿಕ್ಷಕರಿಗೆ ವಿಶೇಷವಾಗಿ ಹಿತಕರ. ಅದರಲ್ಲಿ ಮರಾಠಿಯ ಕ, ಗ, ತ ಯಾವ ಕೀಲಿಯಲ್ಲಿವೆಯೋ ಕನ್ನಡದ ಕ, ಗ, ತ ಅದೇ ಕೀಲಿಯಲ್ಲಿವೆ. ಗಟಶಿಕ್ಷಣಾಧಿಕಾರಿಗಳಿಗೆ ಮರಾಠಿ ಪತ್ರ, ಮಕ್ಕಳಿಗೆ ಕನ್ನಡ ಪ್ರಶ್ನೆ, ಬೆರಳಿಗೆ ಒಂದೇ ಅಭ್ಯಾಸ.

ಮರುಸ್ಥಾಪನೆ

ರಿಸ್ಟೋರ್ ಎಂಬ ಒಂದೇ ಮಾತಿಗೆ ವಿಂಡೋಸಿನಲ್ಲಿ ಬೇರೆ ಬೇರೆ ಅರ್ಥಗಳಿರುವುದರಿಂದ ಗೊಂದಲವಾಗುತ್ತದೆ. ಸಿಸ್ಟಮ್ ರಿಸ್ಟೋರ್ ಎಂಬುದು ಯಂತ್ರದ ವ್ಯವಸ್ಥೆಯನ್ನು ಮಾತ್ರ ಹಿಂದಿನ ದಿನಕ್ಕೆ ಒಯ್ಯುತ್ತದೆ. ಹೊಸ ಮುದ್ರಕದ ತಂತ್ರಾಂಶ ಹಾಕಿದ ಮೇಲೆ ಯಂತ್ರ ಹದಗೆಟ್ಟರೆ ಅದು ಉಪಯುಕ್ತ. ಅಳಿಸಿಹೋದ ಪ್ರಶ್ನಪತ್ರಿಕೆ ಅದರಿಂದ ಮರಳುವುದಿಲ್ಲ. ರಿಸೆಟ್ ಎಂಬುದು ವಿಂಡೋಸನ್ನು ಹೊಸದಾಗಿ ಕೂರಿಸುತ್ತದೆ. ‘ನನ್ನ ಕಡತಗಳನ್ನು ಉಳಿಸು’ ಎಂಬ ಆಯ್ಕೆ ಮಾಡಿದರೂ ನುಡಿಯಂತಹ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಸಿಸ್ಟಮ್ ಇಮೇಜ್ ಎಂಬುದು ಇಡೀ ಡ್ರೈವಿನ ಪಡಿಯಚ್ಚು. ಅದನ್ನು ಮರುಸ್ಥಾಪಿಸಿದರೆ ಪಡಿಯಚ್ಚು ತೆಗೆದ ನಂತರ ಬರೆದದ್ದೆಲ್ಲ ಅಳಿಯುತ್ತದೆ. ಇವುಗಳಲ್ಲಿ ಯಾವುದನ್ನು ಒತ್ತುವ ಮುನ್ನವೂ ಅಂದಿನ ಸ್ಥಿತಿಯ ಒಂದು ನಕಲು ಹೊರಗೆ ಇರಬೇಕು.

ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳೂ ಫಾರ್ಮ್ಯಾಟಿನಲ್ಲಿ ಹೋಗುತ್ತವೆ. ವೇತನದ ಕೊನೆಯ ದಿನಾಂಕದಂದು ಶಾಲಾರ್ಥದ ಗುಪ್ತಪದ ಯಾರಿಗೂ ನೆನಪಿಲ್ಲದ ಸ್ಥಿತಿ ಬರಬಾರದು. ಅವನ್ನು ಕಾಗದದ ಮೇಲೆ ಬರೆದು ಮುಚ್ಚಿದ ಲಕೋಟೆಯಲ್ಲಿ ಮುಖ್ಯಾಧ್ಯಾಪಕರ ಕಪಾಟಿನಲ್ಲಿ ಇಡುವುದು ಹಳೆಯ ಪದ್ಧತಿಯಾದರೂ ಒಳ್ಳೆಯದು.

ವಿಂಡೋಸ್ ಕೂರಿಸಿದ ಮೇಲೆ ಪರಿಷ್ಕರಣೆ, ಮುದ್ರಕ, ಅಕ್ಷರಮಾದರಿಗಳು, ಆಮೇಲೆ ಕಡತಗಳು ಎಂಬ ಕ್ರಮ ಪಾಲಿಸಿರಿ. ಅಕ್ಷರಮಾದರಿ ಹಾಕುವ ಮುನ್ನ ವರ್ಡ್ ಕಡತವನ್ನು ತೆರೆದು ಉಳಿಸಿದರೆ ಅಥವಾ ಅಕ್ಷರಮಾದರಿಯನ್ನು ಬದಲಿಸಿದರೆ ಗೊಂದಲ ಹೆಚ್ಚುತ್ತದೆ. ಕಡತ ತುಂಬಿದ ನಂತರ ಮೀಸಲು ಡಿಸ್ಕಿನ ಫೋಲ್ಡರಿನ ಮೇಲೂ ಯಂತ್ರದ ಫೋಲ್ಡರಿನ ಮೇಲೂ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು ಕಡತಗಳ ಸಂಖ್ಯೆಯನ್ನು ಹೋಲಿಸಿರಿ. ಹಾಜರಿಯಂತೆ ಇದೂ ಒಂದು ಎಣಿಕೆ. ಬಳಿಕ ಹತ್ತು ಕಡತಗಳನ್ನು ಅಲ್ಲಲ್ಲಿಂದ ಆರಿಸಿ ತೆರೆದು ನೋಡಿರಿ: ಹಳೆಯ ನುಡಿ ಕಡತ, ಮರಾಠಿ ಪತ್ರ, ಎಕ್ಸೆಲ್ ಹಾಳೆ, ಛಾಯಾಚಿತ್ರ ಇವು ಆ ಹತ್ತರಲ್ಲಿರಲಿ. ತೆಗೆದ ಹಳೆಯ ಡಿಸ್ಕನ್ನು ಒಂದು ಸತ್ರ ಮುಗಿಯುವವರೆಗೆ ಬಿಸಾಡಬಾರದು.

ಕೈಬರಹದ ಜನರಲ್ ರಜಿಸ್ಟರೇ ಮೂಲ ದಾಖಲೆ ಎಂಬುದನ್ನು ಇಲ್ಲಿ ಹೇಳಬೇಕು. ಪಾಲಕರು ಕೆಲಸ ಹುಡುಕಿ ಅಥಣಿಗೋ ವಿಜಯಪುರಕ್ಕೋ ಹೋದಾಗ ಮಗು ಶಾಲೆ ಬಿಟ್ಟ ದಾಖಲೆಯನ್ನು ಒಯ್ಯುತ್ತದೆ. ಅದರ ಹೆಸರು, ಜನ್ಮದಿನಾಂಕಗಳನ್ನು ರಜಿಸ್ಟರಿನಿಂದಲೇ ತಾಳೆ ನೋಡಬೇಕು. ಯಂತ್ರದ ಪ್ರತಿ ಅನುಕೂಲಕ್ಕಾಗಿ. ಆದರೆ ಪೂರದಲ್ಲಿ ರಜಿಸ್ಟರೇ ನೆನೆದ ಪಕ್ಷದಲ್ಲಿ ಉಳಿದಿರುವ ಆಧಾರ ಅದರ ಸ್ಕ್ಯಾನ್ ಪ್ರತಿಯೊಂದೇ. ಆದುದರಿಂದ ರಜಿಸ್ಟರಿನ ಪ್ರತಿಯೊಂದು ಪುಟದ ಚಿತ್ರವನ್ನೂ ಮೀಸಲು ಪ್ರತಿಯಲ್ಲಿ ಸೇರಿಸಿರಿ. ಮೊಬೈಲಿನಿಂದ ತೆಗೆದ ಸ್ಪಷ್ಟ ಚಿತ್ರವೂ ನಡೆಯುತ್ತದೆ.

ಅಭ್ಯಾಸ

1. ನಿಮ್ಮ ಶಾಲೆಯ ಯಂತ್ರವನ್ನು ರಿಸ್ಟಾರ್ಟ್ ಮಾಡಿ, ಹತ್ತು ನಿಮಿಷ ಏನೂ ಮಾಡದೆ ಬಿಟ್ಟು, ಟಾಸ್ಕ್ ಮ್ಯಾನೇಜರಿನ ಮೂರು ಸ್ತಂಭಗಳ ಅಂಕಿಗಳನ್ನು ಬರೆದುಕೊಳ್ಳಿರಿ. ಮಧ್ಯಾಹ್ನ ಮತ್ತೊಮ್ಮೆ ಬರೆದು ಹೋಲಿಸಿರಿ. ಕಂಡ ವ್ಯತ್ಯಾಸಕ್ಕೆ ಕಾರಣವನ್ನು ಊಹಿಸಿರಿ.

2. ಮೀಸಲು ಡಿಸ್ಕನ್ನು ನಿಮ್ಮ ಯಂತ್ರಕ್ಕೆ ಜೋಡಿಸದೆ, ನುಡಿ ಇಲ್ಲದ ಬೇರೊಂದು ಯಂತ್ರಕ್ಕೆ ಜೋಡಿಸಿ ಐದು ಕಡತಗಳನ್ನು ತೆರೆಯಿರಿ. ಓದಲು ಬಾರದವುಗಳ ಪಟ್ಟಿ 3ನೆಯ ಅಭ್ಯಾಸಕ್ಕೆ ಬೇಕಾಗುತ್ತದೆ.

3. ಆ ಪಟ್ಟಿಯಲ್ಲಿ ಮುಂದಿನ ಘಟಕ ಪರೀಕ್ಷೆಗೆ ಬೇಕಾಗುವ ಒಂದು ಪ್ರಶ್ನಪತ್ರಿಕೆಯನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಗಣಿತ ಚಿಹ್ನೆಗಳನ್ನು ತಿದ್ದಿರಿ. 7ನೆಯ ಇಯತ್ತೆಯ ಮಕ್ಕಳಿಂದ ತಪ್ಪು ಹುಡುಕಿಸಿದರೆ ಅವರಿಗೆ ಅದು ಕಾಗುಣಿತದ ಪಾಠವೂ ಆಗುತ್ತದೆ.

4. ನಿಮ್ಮ ಶಾಲೆಯ ಮೂರನೆಯ ಪ್ರತಿಯನ್ನು ಇಟ್ಟುಕೊಳ್ಳಬಲ್ಲ, ನದಿಯಿಂದ ದೂರದ ಕನ್ನಡ ಶಾಲೆಯೊಂದನ್ನು ಆರಿಸಿ, ಅಲ್ಲಿಯ ಮುಖ್ಯಾಧ್ಯಾಪಕರಿಗೆ ಪತ್ರ ಬರೆಯಿರಿ. ಪ್ರತಿ ಸತ್ರದಲ್ಲಿ ಡಿಸ್ಕು ಬದಲಿಸುವ ದಿನವನ್ನು ಪತ್ರದಲ್ಲಿಯೇ ನಮೂದಿಸಿರಿ.